ಕಂಪ್ಯೂಟರಿನ ಗಡಿಯಾರ ತಪ್ಪಿದಾಗ: ಲಿನಕ್ಸ್‌ನಲ್ಲಿ ಸಮಯ ಸರಿಪಡಿಸುವುದು ಹೇಗೆ?

ಜೋಯಿಡಾ ತಾಲ್ಲೂಕಿನ ಯಾವುದೋ ಹಳ್ಳಿಯ ಸೇವಾ ಕೇಂದ್ರವೊಂದನ್ನು ಊಹಿಸಿಕೊಳ್ಳಿ. ಮಳೆಗಾಲ. ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕರೆಂಟು ಬಂದಿದೆ, ಮೊಬೈಲ್ ಟವರಿಗೂ ಜೀವ ಬಂದಿದೆ. ಬೆಳಗಿನ ಬಸ್ಸಿಗೆ ಬಂದವರು ಬಾಗಿಲಲ್ಲಿ ನಿಂತಿದ್ದಾರೆ. ಅವರಲ್ಲಿ ಒಬ್ಬರ ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತೇ ಕೊನೆಯ ದಿನ. ಉಬುಂಟು ಹಾಕಿದ ಕಂಪ್ಯೂಟರ್ ಶುರುವಾಗುತ್ತದೆ. ಆದರೆ ಯಾವ ಸರ್ಕಾರಿ ಜಾಲತಾಣ ತೆರೆದರೂ 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಅದೇ ಪುಟ ಪಕ್ಕದವರ ಮೊಬೈಲಿನಲ್ಲಿ ಸಲೀಸಾಗಿ ತೆರೆಯುತ್ತಿದೆ.

ತಪ್ಪು ಇರುವುದು ಪರದೆಯ ಮೂಲೆಯಲ್ಲಿ. ಅಲ್ಲಿನ ದಿನಾಂಕ ಎರಡು ವರ್ಷ ಹಿಂದಿನದು.

ಜಾಲತಾಣ ತನ್ನ ಗುರುತಿಗಾಗಿ ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ. ಅದರ ಮೇಲೆ ಯಾವ ದಿನದಿಂದ ಯಾವ ದಿನದವರೆಗೆ ಅದು ಚಾಲ್ತಿಯಲ್ಲಿರುತ್ತದೆ ಎಂದು ಬರೆದಿರುತ್ತದೆ. ಬ್ರೌಸರ್ ಆ ದಿನಾಂಕವನ್ನು ತನ್ನ ಕಂಪ್ಯೂಟರಿನ ಗಡಿಯಾರದೊಡನೆ ಹೋಲಿಸುತ್ತದೆ. ಕಂಪ್ಯೂಟರ್ ಎರಡು ವರ್ಷ ಹಿಂದಿದ್ದರೆ, ಕಳೆದ ತಿಂಗಳು ಕೊಟ್ಟ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಬ್ರೌಸರ್ ಬಾಗಿಲು ಹಾಕಿಕೊಳ್ಳುತ್ತದೆ. ಅದರ ಮಟ್ಟಿಗೆ ಅದು ಸರಿಯಾದ ಕೆಲಸವನ್ನೇ ಮಾಡುತ್ತಿದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಒಂದೇ: ಮೊಬೈಲ್ ನೋಡಿ ಸಮಯವನ್ನು ಕೈಯಿಂದ ತಿದ್ದುವುದು. ಆ ದಿನದ ಮಟ್ಟಿಗೆ ಕೆಲಸ ನಡೆಯುತ್ತದೆ. ಆದರೆ ಲಿನಕ್ಸ್‌ನಲ್ಲಿ ಹಾಗೆ ತಿದ್ದಲು ಮೊದಲು 'ತಾನಾಗಿಯೇ ಸಮಯ ಹೊಂದಿಸು' ಎಂಬ ಸೌಲಭ್ಯವನ್ನು ಆರಿಸಬೇಕಾಗುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಹಾಕಲು ಯಾರಿಗೂ ನೆನಪಿರುವುದಿಲ್ಲ. ಮುಂದಿನ ಸಲ ಗಡಿಯಾರ ತಪ್ಪಿದಾಗ ಅದನ್ನು ಸರಿಪಡಿಸುವವರೇ ಇರುವುದಿಲ್ಲ. ನಮ್ಮ ಊಹೆಯ ಕೇಂದ್ರದಲ್ಲಿ ಆಗಿರುವುದೂ ಇದೇ.

ಹಾಗಾಗಿ ತಿದ್ದುವ ಮೊದಲು ಒಂದು ನಿಮಿಷ ನಿಂತು, ಗಡಿಯಾರ ಎಷ್ಟು ತಪ್ಪಿದೆ ಎಂದು ಬರೆದಿಟ್ಟುಕೊಳ್ಳಿ. ಮುಂದಿದೆಯೋ ಹಿಂದಿದೆಯೋ, ಸೆಕೆಂಡುಗಳಷ್ಟೋ ಗಂಟೆಗಳಷ್ಟೋ ವರ್ಷಗಳಷ್ಟೋ? ವೈದ್ಯರಿಗೆ ಜ್ವರದ ಡಿಗ್ರಿ ಇದ್ದ ಹಾಗೆ ಇದು. ತಪ್ಪಿನ ಅಳತೆಯೇ ಬಹುಪಾಲು ಸಲ ಕಾರಣವನ್ನು ಹೇಳಿಬಿಡುತ್ತದೆ.

ಇನ್ನೊಂದು ಮಾತು. ಈ ಲೇಖನದಲ್ಲಿ ಆದೇಶಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪಿಸಬೇಕು. ಇಲ್ಲಿ ಜಾಗ ಬಿಟ್ಟಲ್ಲಿ ಮಾತ್ರ ಅಲ್ಲೂ ಜಾಗ ಬಿಡಬೇಕು.

ಒಂದೇ ಕಂಪ್ಯೂಟರ್, ಎರಡು ಗಡಿಯಾರ

ಕಂಪ್ಯೂಟರಿನಲ್ಲಿರುವುದು ಒಂದು ಗಡಿಯಾರವಲ್ಲ, ಎರಡು. ಮೊದಲನೆಯದು ಮದರ್‌ಬೋರ್ಡಿನ ಮೇಲಿನ ಯಂತ್ರಾಂಶ ಗಡಿಯಾರ. ಇದನ್ನು ಆರ್‌ಟಿಸಿ ಎನ್ನುತ್ತಾರೆ. ಕಂಪ್ಯೂಟರ್ ಆರಿದ್ದಾಗಲೂ ನಾಣ್ಯದಂಥ ಒಂದು ಚಿಕ್ಕ ಬ್ಯಾಟರಿಯ ಬಲದಿಂದ ಇದು ನಡೆಯುತ್ತಲೇ ಇರುತ್ತದೆ. ಎರಡನೆಯದು ಲಿನಕ್ಸ್ ತಾನೇ ನಡೆಸುವ ಗಡಿಯಾರ. ಶುರುವಾಗುವಾಗ ಒಮ್ಮೆ ಆರ್‌ಟಿಸಿಯನ್ನು ನೋಡಿಕೊಂಡು, ಆಮೇಲೆ ತನ್ನದೇ ಲೆಕ್ಕದಲ್ಲಿ ಎಣಿಸುತ್ತ ಹೋಗುತ್ತದೆ. ಪರದೆಯ ಮೂಲೆಯಲ್ಲಿ ಕಾಣುವುದು ಈ ಎರಡನೆಯದು.

ಲಿನಕ್ಸ್ ತನ್ನೊಳಗೆ ಗಂಟೆ, ದಿನ, ತಿಂಗಳು ಎಂದು ಎಣಿಸುವುದಿಲ್ಲ. 1970ರ ಜನವರಿ 1ರ ಜಾಗತಿಕ ಸಮಯದ ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆದಿದೆ ಎಂಬ ಒಂದೇ ಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ. ತೋರಿಸುವಾಗ ಮಾತ್ರ ಅದಕ್ಕೆ ನಮ್ಮ ಐದೂವರೆ ಗಂಟೆ ಕೂಡಿಸುತ್ತದೆ. ಆದ್ದರಿಂದ '1970 ಜನವರಿ 1, ಬೆಳಿಗ್ಗೆ 5:30' ಎಂಬ ವಿಚಿತ್ರ ದಿನಾಂಕ ಎಲ್ಲಾದರೂ ಕಂಡರೆ ಗಾಬರಿ ಬೇಡ. ಅಲ್ಲಿರುವ ಸಂಖ್ಯೆ ಸೊನ್ನೆ, ಅಷ್ಟೆ.

ವೋಲ್ಟೇಜ್ ಏರಿಳಿದರೆ ಗಡಿಯಾರ ಕೆಡುತ್ತದೆಯೇ?

'ನಮ್ಮಲ್ಲಿ ಕರೆಂಟು ಸರಿಯಿಲ್ಲ, ಅದಕ್ಕೇ ಕಂಪ್ಯೂಟರಿನ ಟೈಮು ತಪ್ಪುತ್ತದೆ' ಎನ್ನುವವರಿದ್ದಾರೆ. ಸೂಪಾ ಅಣೆಕಟ್ಟೆಯೂ ನಾಗಝರಿ ವಿದ್ಯುದಾಗಾರವೂ ಇರುವ ಕಾಳಿ ಕಣಿವೆಯಲ್ಲೇ ಈ ದೂರು ಕೇಳಿಬಂದರೆ ತುಸು ವಿಪರ್ಯಾಸವೇ. ಆದರೆ ವೋಲ್ಟೇಜಿಗೂ ಕಂಪ್ಯೂಟರಿನ ಸಮಯಕ್ಕೂ ನೇರ ಸಂಬಂಧವಿಲ್ಲ.

ಈ ನಂಬಿಕೆಗೆ ಹಳೆಯ ಬೇರೊಂದಿದೆ. ಹಿಂದೆ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ವಿದ್ಯುತ್ ಗಡಿಯಾರಗಳಿದ್ದವು. ಅವು ವಿದ್ಯುತ್ತಿನ ಆವರ್ತನವನ್ನೇ, ಎಂದರೆ ಸೆಕೆಂಡಿಗೆ 50 ಸಲದ ಏರಿಳಿತವನ್ನೇ ಎಣಿಸುತ್ತಿದ್ದವು. ಆವರ್ತನ 49.95ಕ್ಕೆ ಇಳಿದು ಇಡೀ ದಿನ ಹಾಗೆಯೇ ಇದ್ದರೆ ಅಂಥ ಗಡಿಯಾರ 86 ಸೆಕೆಂಡು ಹಿಂದೆ ಬೀಳುತ್ತದೆ. ಅಲ್ಲೂ ದೋಷ ವೋಲ್ಟೇಜಿನದಲ್ಲ, ಆವರ್ತನದ್ದು. ಕಂಪ್ಯೂಟರಿನ ಆರ್‌ಟಿಸಿ ಎಣಿಸುವುದು ಇದಾವುದನ್ನೂ ಅಲ್ಲ. ಸೆಕೆಂಡಿಗೆ 32,768 ಸಲ ಕಂಪಿಸುವ ಚಿಕ್ಕ ಸ್ಫಟಿಕವನ್ನು ಅದು ಎಣಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಇದು. ಹಾಗಾಗಿ ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಸೆಕೆಂಡಿನ ಮಿಡಿತ ಸಿಗುತ್ತದೆ.

ಈ ಸ್ಫಟಿಕವೂ ಪರಿಪೂರ್ಣವಲ್ಲ. ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಹೆಚ್ಚುಕಡಿಮೆ ಒಂದು ನಿಮಿಷ. ಅದಕ್ಕೆ ಹಿತವಾದ ತಾಪಮಾನ ಸುಮಾರು 25 ಡಿಗ್ರಿ ಸೆಲ್ಸಿಯಸ್. ಸೆಕೆಯಾದರೂ ಚಳಿಯಾದರೂ ಅದು ನಿಧಾನವೇ ಆಗುತ್ತದೆ. ಪೆಟ್ಟಿಗೆಯ ಒಳಗೆ 40 ಡಿಗ್ರಿ ಇದ್ದರೆ ದಿನಕ್ಕೆ ಇನ್ನೂ ಅರ್ಧ ಸೆಕೆಂಡಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಆದ್ದರಿಂದ ನಿಮ್ಮ ಕಂಪ್ಯೂಟರ್ ವಾರಕ್ಕೆ ಕೆಲವು ಸೆಕೆಂಡು, ತಿಂಗಳಿಗೆ ಒಂದು ನಿಮಿಷ ಎಂಬಂತೆ ಮೆಲ್ಲಗೆ ಜಾರುತ್ತಿದ್ದರೆ ಯಂತ್ರ ಕೆಟ್ಟಿಲ್ಲ. ಅದು ಸ್ಫಟಿಕದ ಸಹಜ ಗುಣ. ಕೆಟ್ಟಿರುವುದು ಆ ಜಾರಿಕೆಯನ್ನು ಆಗಾಗ ತಿದ್ದಬೇಕಾಗಿದ್ದ ವ್ಯವಸ್ಥೆ.

ಹಾಗಾದರೆ ಕರೆಂಟು ಹೋಗುವುದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲವೇ? ಒಂದು ಸಂಬಂಧವಿದೆ, ಅದು ಬ್ಯಾಟರಿಯ ಮೂಲಕ. ಡೆಸ್ಕ್‌ಟಾಪ್ ಕಂಪ್ಯೂಟರನ್ನು ಆರಿಸಿದರೂ ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ ಒಳಗೆ ತುಸು ವಿದ್ಯುತ್ ಹರಿಯುತ್ತಿರುತ್ತದೆ, ಆರ್‌ಟಿಸಿ ಅದನ್ನೇ ಬಳಸಿಕೊಳ್ಳುತ್ತದೆ. ಕರೆಂಟು ಹೋದಾಗ, ಅಥವಾ ಸಿಡಿಲಿನ ಭಯಕ್ಕೆ ನಾವೇ ಪ್ಲಗ್ ಕಿತ್ತಿಟ್ಟಾಗ, ನಾಣ್ಯದ ಬ್ಯಾಟರಿ ಕೆಲಸಕ್ಕಿಳಿಯುತ್ತದೆ. ಮಲೆನಾಡಿನಲ್ಲಿ ಮಳೆಗಾಲವಿಡೀ ಹೀಗೆ ನಡೆದರೆ ಬ್ಯಾಟರಿ ಬೇಗ ಸವೆಯುತ್ತದೆ. ಸವೆದದ್ದು ನಮಗೆ ಗೊತ್ತಾಗುವುದು ಮಾತ್ರ ದೀರ್ಘ ಕತ್ತಲೆಯ ಮರುದಿನ. ಹಾಗೆಂದು ಸಿಡಿಲು ಬಡಿಯುವಾಗ ಪ್ಲಗ್ ಕೀಳುವುದನ್ನು ಬಿಡಬೇಡಿ. ಮದರ್‌ಬೋರ್ಡಿಗಿಂತ ಬ್ಯಾಟರಿ ಬಹಳ ಅಗ್ಗ.

ವರ್ಷಗಳಷ್ಟು ಹಿಂದೆ ಹೋಗಿದ್ದರೆ: ಬ್ಯಾಟರಿ

ಪ್ರತಿ ಸಲ ಕರೆಂಟು ಹೋಗಿಬಂದಾಗ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿದ್ದರೆ ಮೊದಲ ಸಂಶಯ ಬ್ಯಾಟರಿಯ ಮೇಲೆ ಬರಬೇಕು. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಸಿಆರ್2032 ಎಂಬ 3 ವೋಲ್ಟಿನ ಬ್ಯಾಟರಿ ಇರುತ್ತದೆ, ಗಡಿಯಾರ ರಿಪೇರಿ ಅಂಗಡಿಗಳಲ್ಲೂ ಸಿಗುತ್ತದೆ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಬ್ಯಾಟರಿಯ ಅಂಚಿನ ಕೊಂಡಿ ಸರಿಸಿದರೆ ಹೊರಗೆ ಬರುತ್ತದೆ. 'ಪ್ಲಸ್' ಗುರುತು ಮೇಲಿರುವಂತೆ ಹೊಸದನ್ನು ಹಾಕಿದರಾಯಿತು. ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ತಂತಿ ಜೋಡಿಸಿರುವುದುಂಟು. ಅದನ್ನು ತಂತ್ರಜ್ಞರಿಗೇ ಬಿಡುವುದು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ, ಗಡಿಯಾರಕ್ಕೆ ಸಂಬಂಧಿಸಿದ್ದಲ್ಲದಿದ್ದರೂ ಹೇಳಲೇಬೇಕಾದದ್ದು. ತೆಗೆದ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಟ್ಟು ಹೋಗಬೇಡಿ. ಕಂಪ್ಯೂಟರಿಗೆ ಸಾಲದಷ್ಟು ಸವೆದ ಬ್ಯಾಟರಿಯಲ್ಲೂ ಮಗುವಿನ ಅನ್ನನಾಳವನ್ನು ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಎರಡೇ ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ನುಂಗಿದ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಇನ್ನೂ ಒಂದು ಗೊಂದಲವಿದೆ. ಬ್ಯಾಟರಿ ಸತ್ತರೆ ಗಡಿಯಾರ ತಯಾರಿಕೆಯ ಕಾಲದ ಯಾವುದೋ ವರ್ಷಕ್ಕೆ ಹೋಗಬೇಕಲ್ಲವೇ, ನಮ್ಮದು ಬರೀ ಒಂದೆರಡು ವರ್ಷ ಹಿಂದಿದೆಯಲ್ಲ ಎಂದು ಕೆಲವರಿಗೆ ಅನಿಸಬಹುದು. ಇಂದಿನ ಲಿನಕ್ಸ್‌ಗಳಲ್ಲಿ ಸಿಸ್ಟಂಡಿ ಎಂಬ ಮೂಲ ತಂತ್ರಾಂಶ ಒಂದು ಜಾಣತನ ಮಾಡುತ್ತದೆ: ತಾನು ಸಿದ್ಧವಾದ ದಿನಕ್ಕಿಂತ ಹಿಂದಿನ ದಿನಾಂಕ ಆರ್‌ಟಿಸಿಯಲ್ಲಿ ಕಂಡರೆ ಅದನ್ನು ನಂಬದೆ, ತನ್ನ ಹುಟ್ಟುದಿನಕ್ಕೆ ಗಡಿಯಾರವನ್ನು ತಳ್ಳುತ್ತದೆ. ತಾನಾಗಿ ಸಮಯ ಹೊಂದಿಸುವ ಸೇವೆ ಚಾಲೂ ಇದ್ದರೆ ಇನ್ನೂ ಮುಂದೆ ಹೋಗಿ, ಹಿಂದಿನ ಸಲ ತನಗೆ ಗೊತ್ತಿದ್ದ ಕೊನೆಯ ಸಮಯದಿಂದ ಎಣಿಕೆ ಶುರು ಮಾಡುತ್ತದೆ. ಆಗ ತಪ್ಪು, ಕಂಪ್ಯೂಟರ್ ಆರಿದ್ದಷ್ಟು ಹೊತ್ತಿನದು ಮಾತ್ರ. ಬ್ಯಾಟರಿಯೇ ಇಲ್ಲದ ರಾಸ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರುಗಳು ನೆಟ್ ಸಿಗುವವರೆಗೆ ದಿನ ದೂಡುವುದು ಹೀಗೆಯೇ.

ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ

ನಿಮಿಷ, ಸೆಕೆಂಡು ಎಲ್ಲ ಸರಿ, ಐದೂವರೆ ಗಂಟೆ ಮಾತ್ರ ಹೆಚ್ಚು ಅಥವಾ ಕಡಿಮೆ ಎಂದಾದರೆ ಬ್ಯಾಟರಿಯನ್ನು ಮುಟ್ಟಬೇಡಿ. ಬಹುಶಃ ಆ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇವೆ.

ಆರ್‌ಟಿಸಿಯಲ್ಲಿ ಯಾವ ಸಮಯ ಬರೆದಿಡಬೇಕು ಎಂಬಲ್ಲಿ ಇವೆರಡಕ್ಕೂ ಹೊಂದಾಣಿಕೆಯಿಲ್ಲ. ವಿಂಡೋಸ್ ಅಲ್ಲಿ ಭಾರತೀಯ ಸಮಯ ಬರೆದಿಡುತ್ತದೆ. ಲಿನಕ್ಸ್ ಜಾಗತಿಕ ಸಮಯ ಬರೆದಿಡುತ್ತದೆ. ವಿಂಡೋಸ್ ಬರೆದ 'ಹತ್ತು ಗಂಟೆ'ಯನ್ನು ಲಿನಕ್ಸ್ ಓದಿ, ಅದು ಜಾಗತಿಕ ಸಮಯವೆಂದು ತಿಳಿದು, ಐದೂವರೆ ಕೂಡಿಸಿ ಮಧ್ಯಾಹ್ನ ಮೂರೂವರೆ ಎನ್ನುತ್ತದೆ. ಲಿನಕ್ಸ್ ಬರೆದದ್ದನ್ನು ವಿಂಡೋಸ್ ಓದಿದರೆ ಬೆಳಗಿನ ಹತ್ತು ಗಂಟೆ ಮುಂಜಾನೆ ನಾಲ್ಕೂವರೆಯಾಗುತ್ತದೆ. ನೆಟ್ ಚೆನ್ನಾಗಿರುವ ಊರಿನಲ್ಲಿ ಇದು ಅರೆನಿಮಿಷದಲ್ಲಿ ತಾನೇ ಸರಿಹೋಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ನೆಟ್ ಇಲ್ಲದಲ್ಲಿ ದಿನವಿಡೀ ಹಾಗೆಯೇ ಇರುತ್ತದೆ.

ಪರಿಹಾರ ಎರಡರಲ್ಲಿ ಒಂದು. 'ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದರೆ ಲಿನಕ್ಸ್ ವಿಂಡೋಸಿನ ಪದ್ಧತಿಗೆ ಒಗ್ಗಿಕೊಳ್ಳುತ್ತದೆ. ಹೀಗೆ ಮಾಡಿದಾಗ ಲಿನಕ್ಸ್ ಒಂದು ಉದ್ದದ ಎಚ್ಚರಿಕೆ ಕೊಡುತ್ತದೆ. ಅದು ಮುಖ್ಯವಾಗಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಿಗೆ ಅನ್ವಯಿಸುವಂಥದ್ದು. ಭಾರತದಲ್ಲಿ ಆ ಪದ್ಧತಿ ಇಲ್ಲದ್ದರಿಂದ ನಮಗೆ ಅಷ್ಟು ತಲೆನೋವಿಲ್ಲ. ಇನ್ನೊಂದು ದಾರಿ, ವಿಂಡೋಸಿನ ರಿಜಿಸ್ಟ್ರಿಯಲ್ಲಿ 'ರಿಯಲ್‌ಟೈಮ್‌ಈಸ್‌ಯುನಿವರ್ಸಲ್' ಎಂಬ ಗುರುತು ಹಾಕಿ ವಿಂಡೋಸನ್ನೇ ಜಾಗತಿಕ ಸಮಯಕ್ಕೆ ಒಗ್ಗಿಸುವುದು. ತತ್ವದ ದೃಷ್ಟಿಯಿಂದ ಇದೇ ಸರಿ, ಆದರೆ ರಿಜಿಸ್ಟ್ರಿ ಮುಟ್ಟಿ ಅಭ್ಯಾಸವಿಲ್ಲದವರು ಮೊದಲನೆಯದನ್ನೇ ಆರಿಸಿಕೊಳ್ಳಲಿ. ಎರಡನ್ನೂ ಒಟ್ಟಿಗೆ ಮಾಡಿದರೆ ಮಾತ್ರ ಸಮಸ್ಯೆ ತಲೆಕೆಳಗಾಗಿ ಮರಳಿ ಬರುತ್ತದೆ.

ಐದೂವರೆಯಲ್ಲದೆ ಬೇರೆ ಗಂಟೆಗಳ ತಪ್ಪಿದ್ದರೆ ಸಮಯ ವಲಯ ನೋಡಿ. ಹೊರದೇಶದಲ್ಲಿರುವ ಬಂಧುಗಳು ಬಿಟ್ಟುಹೋದ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಮುಂಡಗೋಡದ ಟಿಬೆಟನ್ ವಸತಿಯ ಹಾಗೆ ಬಳಗವೆಲ್ಲ ಹಲವು ದೇಶಗಳಲ್ಲಿ ಹರಡಿರುವ ಕಡೆ ನೆನಪಿಡಬೇಕಾದ ವಿಷಯ. ಸಮಯ ವಲಯಗಳ ಪಟ್ಟಿಯಲ್ಲಿ ಬೆಂಗಳೂರನ್ನು ಹುಡುಕಿದರೆ ಸಿಗುವುದಿಲ್ಲ. ಇಡೀ ಭಾರತಕ್ಕೆ ಇರುವ ಹೆಸರು 'ಏಷ್ಯಾ/ಕೋಲ್ಕತಾ' ಒಂದೇ. 'ಕ್ಯಾಲ್ಕಟ್ಟಾ' ಎಂಬ ಹಳೆಯ ಹೆಸರು ಕಂಡರೂ ಚಿಂತೆಯಿಲ್ಲ, ಎರಡೂ ಒಂದೇ.

ಸೂರ್ಯನನ್ನು ನೋಡಿ ಗಡಿಯಾರ ಪರೀಕ್ಷಿಸುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಇನ್ನೊಂದು ಅರ್ಧ ಗಂಟೆಯ ವ್ಯತ್ಯಾಸ ಕಾಣುತ್ತದೆ. ಅದು ತಪ್ಪಲ್ಲ. ಭಾರತೀಯ ಸಮಯ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು; ದಾಂಡೇಲಿ ಇರುವುದು ಅದಕ್ಕಿಂತ ಸುಮಾರು 8 ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ದಾಂಡೇಲಿ, ಹಳಿಯಾಳಗಳಲ್ಲಿ ನೆತ್ತಿಯ ಮೇಲೆ ಸೂರ್ಯ ಬರುವುದು ವರ್ಷದ ಸರಾಸರಿಯಲ್ಲಿ ಹನ್ನೆರಡೂವರೆಯ ಹೊತ್ತಿಗೆ. ನವೆಂಬರ್ ಆರಂಭದಲ್ಲಿ ಅದು ಹನ್ನೆರಡೂಕಾಲಿಗೆ ಬರುತ್ತದೆ, ಫೆಬ್ರವರಿ ನಡುವಿನಲ್ಲಿ ಮುಕ್ಕಾಲು ಗಂಟೆಯೇ ತಡವಾಗುತ್ತದೆ.

ಒಂದು ಆದೇಶ, ಏಳು ಸಾಲು

ಅಳತೆಯಿಂದ ಕಾರಣ ಹೊಳೆಯದಿದ್ದರೆ ಟರ್ಮಿನಲ್ ತೆರೆದು 'ಟೈಮ್‌ಡೇಟ್‌ಸಿಟಿಎಲ್' ಎಂದಷ್ಟೇ ಟೈಪಿಸಿ. ಏಳು ಸಾಲುಗಳು ಬರುತ್ತವೆ. 'ಲೋಕಲ್ ಟೈಮ್' ಮತ್ತು 'ಯುನಿವರ್ಸಲ್ ಟೈಮ್' ಸಾಲುಗಳ ನಡುವೆ ಸರಿಯಾಗಿ ಐದೂವರೆ ಗಂಟೆ ಇರಬೇಕು. 'ಆರ್‌ಟಿಸಿ ಟೈಮ್' ಎಂಬುದು ಯುನಿವರ್ಸಲ್ ಟೈಮ್‌ಗೆ ಸಮನಾಗಿರಬೇಕು. ಹಾಗಿಲ್ಲದಿದ್ದರೆ ಬ್ಯಾಟರಿಯೋ ವಿಂಡೋಸೋ ಕಾರಣ.

ಉಳಿದವುಗಳಲ್ಲಿ ಎರಡು ಸಾಲುಗಳನ್ನು ಒಟ್ಟಿಗೆ ಓದಬೇಕು. ಒಂದು 'ಎನ್‌ಟಿಪಿ ಸರ್ವಿಸ್', ಇನ್ನೊಂದು 'ಸಿಸ್ಟಂ ಕ್ಲಾಕ್ ಸಿಂಕ್ರನೈಸ್ಡ್'. ಸರ್ವಿಸ್ ಮುಂದೆ 'ಇನ್‌ಆಕ್ಟಿವ್' ಎಂದಿದ್ದರೆ ಯಾರೋ ಅದನ್ನು ಆರಿಸಿದ್ದಾರೆ. 'ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ' ಎಂದು ಮತ್ತೆ ಚಾಲೂ ಮಾಡಿ, ಒಂದು ನಿಮಿಷ ಕಾಯಿರಿ. ನಮ್ಮ ಸೇವಾ ಕೇಂದ್ರದ ಕಥೆ ಇಲ್ಲಿಗೇ ಸುಖಾಂತವಾಗುತ್ತದೆ. ಸಮಯ ಕೇಳಿ ಪಡೆಯುವ ಎನ್‌ಟಿಪಿ ವಿಧಾನಕ್ಕೆ ಜಾಲತಾಣದ ಪ್ರಮಾಣಪತ್ರದ ಹಂಗಿಲ್ಲ, ಆದ್ದರಿಂದ ಗಡಿಯಾರ ಎಷ್ಟೇ ತಪ್ಪಿದ್ದರೂ ಅದು ಕೆಲಸ ಮಾಡುತ್ತದೆ.

ಸರ್ವಿಸ್ 'ಆಕ್ಟಿವ್' ಇದೆ, ಆದರೂ ಸಿಂಕ್ರನೈಸ್ಡ್ ಮುಂದೆ 'ನೋ' ಎಂದಿದೆ ಎಂದಾದರೆ ಕಂಪ್ಯೂಟರ್ ಸಮಯ ಕೇಳುತ್ತಿದೆ, ಉತ್ತರ ಬರುತ್ತಿಲ್ಲ ಎಂದರ್ಥ. ಆಗ ನೋಡಬೇಕಾದದ್ದು ನೆಟ್‌ವರ್ಕ್.

ಕಾಯುವಷ್ಟು ಪುರಸೊತ್ತಿಲ್ಲ, ಸಾಲು ಬೆಳೆಯುತ್ತಿದೆ ಎಂದಾದರೆ ಕೈಯಿಂದ ತಿದ್ದಿ, ತಪ್ಪೇನಿಲ್ಲ. ಪ್ರಮಾಣಪತ್ರದ ಮಟ್ಟಿಗೆ ಒಂದೆರಡು ನಿಮಿಷದ ವ್ಯತ್ಯಾಸ ಲೆಕ್ಕಕ್ಕಿಲ್ಲ. ಮೊಬೈಲ್ ಆ್ಯಪ್ ತೋರಿಸುವ 30 ಸೆಕೆಂಡಿನ ಆರಂಕಿಯ ಸಂಕೇತದಿಂದ ಲಾಗಿನ್ ಆಗುವ ಸೇವೆಗಳಿಗೆ ಮಾತ್ರ ಅಷ್ಟು ಸಡಿಲ ಸಾಲದು: ಸಂಕೇತವನ್ನು ತಯಾರಿಸುವುದೇ ಸಮಯದಿಂದ, ಹಾಗಾಗಿ ಅದನ್ನು ತಯಾರಿಸುವ ಮೊಬೈಲಿನ ಗಡಿಯಾರ ಒಂದೆರಡು ನಿಮಿಷ ತಪ್ಪಿದರೂ 'ಸಂಕೇತ ತಪ್ಪಾಗಿದೆ' ಎಂಬ ಉತ್ತರ ಬರುತ್ತದೆ. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿಗೂ ನಿಮ್ಮ ಗಡಿಯಾರಕ್ಕೂ ಸಂಬಂಧವಿಲ್ಲ. ಅದನ್ನು ಎಣಿಸುವುದು ಬ್ಯಾಂಕಿನ ಗಡಿಯಾರ.

ನೆಟ್ ನಿಧಾನವಾದರೆ ಸಮಯವೂ ನಿಧಾನವೇ?

ಇದೂ ಆಗಾಗ ಕೇಳಿಬರುವ ನಂಬಿಕೆ. ಸರ್ವರ್ 'ಈಗ ಹತ್ತು ಗಂಟೆ' ಎಂದು ಹೇಳಿ, ಆ ಮಾತು ಜೋಯಿಡಾ ತಲುಪುವಷ್ಟರಲ್ಲಿ ಹತ್ತು ಗಂಟೆ ದಾಟಿರುತ್ತದಲ್ಲ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕಂಡುಕೊಂಡವರು ಅಮೆರಿಕದ ಡೇವಿಡ್ ಮಿಲ್ಸ್. ಅವರು 1985ರಲ್ಲಿ ಪ್ರಕಟಿಸಿದ ಎನ್‌ಟಿಪಿ, ಹಲವು ಸಲ ಪರಿಷ್ಕೃತಗೊಂಡು, ಇಂದಿಗೂ ಬಳಕೆಯಲ್ಲಿದೆ.

ಲೆಕ್ಕ ಹೀಗಿದೆ. ನಮ್ಮ ಗಡಿಯಾರ ಸರಿಯಾಗಿ ಹತ್ತು ಗಂಟೆ ತೋರಿಸುವಾಗ ಪ್ರಶ್ನೆ ಹೊರಡುತ್ತದೆ. ಅದು ತಲುಪಿದಾಗ ಸರ್ವರ್ ಗಡಿಯಾರದಲ್ಲಿ ಹತ್ತು ಗಂಟೆ 4.300 ಸೆಕೆಂಡು. ಸರ್ವರ್ 4.301ಕ್ಕೆ ಉತ್ತರ ಕಳಿಸುತ್ತದೆ. ಉತ್ತರ ಕೈಸೇರಿದಾಗ ನಮ್ಮ ಗಡಿಯಾರದಲ್ಲಿ 0.601. ಅಂದರೆ ಹೋಗಿ ಬರುವ ದಾರಿಗೆ ಹಿಡಿದದ್ದು 0.600 ಸೆಕೆಂಡು, ಒಂದು ಕಡೆಗೆ 0.300. ಪ್ರಶ್ನೆ 0.300ಕ್ಕೆ ತಲುಪಿರಬೇಕಿತ್ತು, ಸರ್ವರ್ 4.300 ಎಂದಿದೆ. ನಾವು ಸರಿಯಾಗಿ 4 ಸೆಕೆಂಡು ಹಿಂದಿದ್ದೇವೆ! ದಾರಿ ಎಷ್ಟು ನಿಧಾನ ಎಂಬುದು ಲೆಕ್ಕದಿಂದ ಕಳೆದೇಹೋಯಿತು. ಹೋಗುವ ದಾರಿಯೂ ಬರುವ ದಾರಿಯೂ ಸಮವಾಗಿಲ್ಲದಿದ್ದರೆ ಮಾತ್ರ ತಪ್ಪು ಉಳಿಯುತ್ತದೆ, ಅದೂ ಒಟ್ಟು ಪ್ರಯಾಣದ ಅರ್ಧಕ್ಕಿಂತ ಹೆಚ್ಚಾಗಲಾರದು. ಇಲ್ಲಿ ಅದು ಹೆಚ್ಚೆಂದರೆ 0.3 ಸೆಕೆಂಡು. ಅರ್ಜಿ ತುಂಬುವವರಿಗೆ ಅದು ಏನೇನೂ ಅಲ್ಲ.

ಆದ್ದರಿಂದ ನೆಟ್ ನಿಧಾನವಾಗಿದ್ದರೆ ತೊಂದರೆಯಿಲ್ಲ, ಕಡಿದುಹೋಗುತ್ತಿದ್ದರೆ ತೊಂದರೆ. ಅದನ್ನು ನೋಡಲು ಕ್ರೋನಿ ಎಂಬ ತಂತ್ರಾಂಶ ಅನುಕೂಲ. ಫೆಡೋರಾದಲ್ಲಿ ಅದು ಮೊದಲೇ ಇರುತ್ತದೆ, ಉಬುಂಟುವಿನಲ್ಲಿ 25.10 ಆವೃತ್ತಿಯಿಂದ ಅದೇ ಬಂದಿದೆ. ಹಳೆಯ ಉಬುಂಟು ಮತ್ತು ಮಿಂಟ್‌ಗಳಲ್ಲಿ ಟೈಮ್‌ಸಿಂಕ್‌ಡಿ ಎಂಬ ಸರಳ ಸೇವೆ ಇರುತ್ತದೆ. ನೆಟ್ ಬಂದು ಹೋಗುವ ಊರುಗಳಿಗೆ ಕ್ರೋನಿಯೇ ಮೇಲು. ನಿಮ್ಮ ಸ್ಫಟಿಕ ದಿನಕ್ಕೆ ಎಷ್ಟು ಜಾರುತ್ತದೆ ಎಂಬುದನ್ನು ಅದು ಕಲಿತುಕೊಂಡು, ನೆಟ್ ಇಲ್ಲದಾಗಲೂ ಆ ಅಂದಾಜಿನಿಂದ ತಿದ್ದುತ್ತಿರುತ್ತದೆ.

'ಕ್ರೋನಿಸಿ ಸೋರ್ಸಸ್' ಎಂದು ಕೇಳಿದರೆ ಸರ್ವರುಗಳ ಪಟ್ಟಿ ಬರುತ್ತದೆ. ನಕ್ಷತ್ರದ ಗುರುತಿರುವ ಸರ್ವರನ್ನು ಕಂಪ್ಯೂಟರ್ ಅನುಸರಿಸುತ್ತಿದೆ. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಸದ್ಯ ಕೈಗೆ ಸಿಗುತ್ತಿಲ್ಲ. 'ರೀಚ್' ಎಂಬ ಕಾಲಂ ಇನ್ನೂ ಹೆಚ್ಚು ಹೇಳುತ್ತದೆ. ಅಲ್ಲಿ 377 ಎಂದಿದ್ದರೆ ಕೊನೆಯ ಎಂಟೂ ಪ್ರಶ್ನೆಗಳಿಗೆ ಉತ್ತರ ಬಂದಿದೆ ಎಂದರ್ಥ. ಅದು ಎಂಟರ ಆಧಾರದ ಸಂಖ್ಯೆ, ಬಿಡಿಸಿದರೆ ಸಾಲಾಗಿ ಎಂಟು ಒಂದುಗಳು. 0 ಎಂದಿದ್ದರೆ ಒಂದಕ್ಕೂ ಉತ್ತರವಿಲ್ಲ. ನಡುವಿನ ಸಂಖ್ಯೆಗಳು ಬದಲಾಗುತ್ತ ಹೋದರೆ ಟವರ್ ಬಂದು ಹೋಗುತ್ತಿದೆ, ತಾಳ್ಮೆಯೇ ಮದ್ದು.

ಬ್ರೌಸರ್ ಚೆನ್ನಾಗಿ ನಡೆಯುತ್ತದೆ, ರೀಚ್ ಮಾತ್ರ ಗಂಟೆಗಟ್ಟಲೆ 0 ಎಂದಾದರೆ ಅದು ಬೇರೆಯೇ ಕಥೆ. ಎನ್‌ಟಿಪಿ 123ನೇ ಸಂಖ್ಯೆಯ ಯುಡಿಪಿ ಪೋರ್ಟ್ ಬಳಸುತ್ತದೆ, ಕಚೇರಿ ಮತ್ತು ಕಾಲೇಜುಗಳ ಫೈರ್‌ವಾಲ್‌ನಲ್ಲಿ ಅದನ್ನು ಮುಚ್ಚಿರುವುದುಂಟು. ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ. ಸಾಮಾನ್ಯವಾಗಿ ಒಳಗೇ ಒಂದು ಸಮಯ ಸರ್ವರ್ ಇಟ್ಟಿರುತ್ತಾರೆ. ಇಲ್ಲದಿದ್ದರೆ ದೇಶದ್ದೇ ಸರ್ವರುಗಳಿಗೆ ದಾರಿ ತೆರೆಸಿಕೊಳ್ಳಬಹುದು: ರಾಷ್ಟ್ರೀಯ ಮಾಹಿತಿ ಕೇಂದ್ರದ 'ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್', ಅಥವಾ ಭಾರತೀಯ ಸಮಯವನ್ನು ಪರಮಾಣು ಗಡಿಯಾರಗಳಲ್ಲಿ ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ 'ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್'. ಕಚೇರಿಯವರು ಒಪ್ಪದಿದ್ದರೆ ಒಂದು ವಿಷಯ ನೆನಪಿಸಬಹುದು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ಕಂಪ್ಯೂಟರುಗಳನ್ನು ಈ ಎರಡು ಸಂಸ್ಥೆಗಳ ಸಮಯಕ್ಕೆ, ಅಥವಾ ಅವುಗಳಿಂದಲೇ ಸಮಯ ಪಡೆಯುವ ಸರ್ವರಿಗೆ ಹೊಂದಿಸಿಡಬೇಕು.

ಇಷ್ಟು ಕಟ್ಟುನಿಟ್ಟು ಏಕೆ ಎಂದು ಅನಿಸಿದರೆ 2003ರ ಆಗಸ್ಟ್ 14ನ್ನು ನೆನಪಿಸಿಕೊಳ್ಳಿ. ಆ ದಿನ ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊ ಕತ್ತಲಲ್ಲಿ ಮುಳುಗಿದವು. ಯಾವ ಮಾರ್ಗ ಮೊದಲು ಕೈಕೊಟ್ಟಿತು ಎಂದು ಪತ್ತೆಹಚ್ಚಲು ಕುಳಿತ ತನಿಖಾ ತಂಡಕ್ಕೆ ಸಿಕ್ಕ ದಾಖಲೆಗಳಲ್ಲಿ ಹಲವು ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಘಟನೆಗಳನ್ನು ಸಾಲಾಗಿ ಜೋಡಿಸುವುದೇ ದೊಡ್ಡ ಶ್ರಮವಾಯಿತು. ಸಮಯ ಹೊಂದಿಸಿದ ದಾಖಲಾತಿ ಯಂತ್ರಗಳು ಕಡ್ಡಾಯವಾಗಬೇಕೆಂದು ತಂಡ ಶಿಫಾರಸು ಮಾಡಿತು.

ತಿದ್ದಿದರೂ ತಿದ್ದದಂತೆ ಕಾಣುವುದು

ಸರ್ವರ್ ಸಿಕ್ಕಿದೆ, ಎಲ್ಲ ಸರಿಯಿದೆ, ಆದರೂ ಪರದೆಯ ಸಮಯ ಇನ್ನೂ ತಪ್ಪೇ ಇದೆ ಎಂಬ ಸ್ಥಿತಿಯೂ ಬರಬಹುದು. ಕ್ರೋನಿ ಬೇಕೆಂದೇ ಹಾಗೆ ಮಾಡುತ್ತದೆ. ಸಮಯ ಒಮ್ಮೆಗೇ ಹಿಂದಕ್ಕೋ ಮುಂದಕ್ಕೋ ಜಿಗಿದರೆ ನಡೆಯುತ್ತಿರುವ ತಂತ್ರಾಂಶಗಳಿಗೆ ಗಲಿಬಿಲಿಯಾಗುತ್ತದೆ. ಅದಕ್ಕಾಗಿ ಶುರುವಿನ ಮೂರು ತಿದ್ದುಪಡಿಗಳಲ್ಲಿ ಮಾತ್ರ ಜಿಗಿತಕ್ಕೆ ಅವಕಾಶ ಕೊಟ್ಟಿರುತ್ತಾರೆ. ಆಮೇಲೆ ಏನಿದ್ದರೂ ಗಡಿಯಾರವನ್ನು ತುಸು ವೇಗವಾಗಿ ಅಥವಾ ನಿಧಾನವಾಗಿ ಓಡಿಸಿ ಸಮಕ್ಕೆ ತರುತ್ತದೆ. ಗರಿಷ್ಠ ವೇಗದಲ್ಲಿ ತಿದ್ದಿದರೂ ಒಂದು ಗಂಟೆಯ ತಪ್ಪಿಗೆ ಹನ್ನೆರಡು ಗಂಟೆ ಬೇಕು. ಅಷ್ಟು ಕಾಯಲಾಗದಿದ್ದರೆ 'ಸುಡೋ ಕ್ರೋನಿಸಿ ಮೇಕ್‌ಸ್ಟೆಪ್' ಎಂದರೆ ಆ ಕ್ಷಣವೇ ಜಿಗಿಯುತ್ತದೆ.

ಒಂದೇ ಕಂಪ್ಯೂಟರಿನಲ್ಲಿ ಕ್ರೋನಿಯೂ ಟೈಮ್‌ಸಿಂಕ್‌ಡಿಯೂ ಒಟ್ಟಿಗೆ ನಡೆಯಬಾರದು, ಯಾವುದಾದರೂ ಒಂದು ಸಾಕು. ವಿಂಡೋಸಿನ ಒಳಗೆ ಡಬ್ಲ್ಯೂಎಸ್‌ಎಲ್ ಆಗಿ ಅಥವಾ ವರ್ಚುವಲ್ ಯಂತ್ರವಾಗಿ ಲಿನಕ್ಸ್ ನಡೆಸುವವರಿಗೆ ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಸಮಯ ಹಿಂದೆ ಉಳಿಯುವ ಅನುಭವವಾಗಬಹುದು. ಮುಚ್ಚಿದ್ದಷ್ಟು ಹೊತ್ತೇ ತಪ್ಪಿನ ಅಳತೆಯಾಗಿದ್ದರೆ ಕಾರಣ ಇದೇ. ಡಬ್ಲ್ಯೂಎಸ್‌ಎಲ್‌ನಲ್ಲಿ 'ಸುಡೋ ಎಚ್‌ಡಬ್ಲ್ಯೂಕ್ಲಾಕ್ -ಎಸ್' ಸಾಮಾನ್ಯವಾಗಿ ಸಾಕಾಗುತ್ತದೆ.

ನೆಟ್ ಇಲ್ಲದ ಕಾಡಿನ ಊರಿನಲ್ಲಿ

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ಎಷ್ಟೋ ಕಡೆ ಮೇಲಿನ ಸಲಹೆಗಳಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಕೇಳಲು ಸರ್ವರೇ ಸಿಗುವುದಿಲ್ಲ. ಅಲ್ಲಿನ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹತ್ತು ಯಂತ್ರಗಳಿದ್ದರೆ ಹತ್ತು ಸಮಯ. ಒಂದರಲ್ಲಿ ಉಳಿಸಿದ ಕಡತ ಇನ್ನೊಂದರಲ್ಲಿ 'ನಾಳೆ'ಯದಾಗಿ ಕಾಣುತ್ತದೆ, ಯಾವುದು ಹೊಸ ಪ್ರತಿ ಎಂಬುದೇ ತಿಳಿಯುವುದಿಲ್ಲ.

ಇಂಥಲ್ಲಿ ಒಂದು ಕಂಪ್ಯೂಟರನ್ನು ಹಿರಿಯನನ್ನಾಗಿ ಮಾಡಬಹುದು. ಹೊಸ ಬ್ಯಾಟರಿ ಇರುವ ಒಂದನ್ನು ಆರಿಸಿ, ಅದರಲ್ಲಿ ಕ್ರೋನಿ ಹಾಕಿ, ಅದರ ಸಂರಚನಾ ಕಡತದಲ್ಲಿ ಎರಡು ಸಾಲು ಸೇರಿಸಿ. 'ಲೋಕಲ್ ಸ್ಟ್ರಾಟಮ್ 10' ಎಂಬ ಸಾಲು ಹೊರಗಿನ ಸರ್ವರ್ ಇಲ್ಲದಿದ್ದರೂ ತನ್ನದೇ ಸಮಯವನ್ನು ಹಂಚಲು ಹೇಳುತ್ತದೆ. 'ಅಲೌ' ಎಂಬ ಸಾಲು, ಮುಂದೆ ನಿಮ್ಮ ಒಳಜಾಲದ ವಿಳಾಸದೊಡನೆ, ಉಳಿದವರಿಗೆ ಕೇಳುವ ಅನುಮತಿ ಕೊಡುತ್ತದೆ. ಉಳಿದ ಒಂಬತ್ತರಲ್ಲಿ ಸರ್ವರ್ ಎಂದು ಇದರ ವಿಳಾಸ ಬರೆಯಿರಿ. ವಾರಕ್ಕೊಮ್ಮೆ ಟವರ್ ಸಿಗುವ ಊರಿನ ಮೊಬೈಲಿನಿಂದ ಆ ಒಂದನ್ನು ತಿದ್ದಿದರೆ ಹತ್ತೂ ತಿದ್ದಿದಂತೆ. ಸಮಯ ಒಂದೆರಡು ಸೆಕೆಂಡು ತಪ್ಪಿರಬಹುದು, ಆದರೆ ಎಲ್ಲರದೂ ಒಂದೇ ಸಮಯವಾಗಿರುತ್ತದೆ. ಲ್ಯಾಬಿಗೆ ಬೇಕಾದದ್ದು ಅಷ್ಟೇ.

ಕರಾರುವಾಕ್ಕಾದ ಸಮಯವೇ ಬೇಕೆಂದರೆ ಆಕಾಶವಿದೆ. ಯುಎಸ್‌ಬಿಗೆ ಸಿಕ್ಕಿಸುವ ಜಿಪಿಎಸ್ ಗ್ರಾಹಕ ಕಾಡಿನಲ್ಲೂ ಉಪಗ್ರಹದಿಂದ ಸಮಯ ಪಡೆಯುತ್ತದೆ. ಜಿಪಿಎಸ್‌ಡಿ ಎಂಬ ತಂತ್ರಾಂಶ ಅದನ್ನು ಕ್ರೋನಿಗೆ ದಾಟಿಸುತ್ತದೆ. ಸಿಮ್ ಬೇಡ, ಚಂದಾ ಬೇಡ. ಮರಗಳ ಕೆಳಗೆ ಇಡದೆ ಬಯಲು ಕಾಣುವ ಕಿಟಕಿಗೆ ಇಡಬೇಕು, ಅಷ್ಟೆ. ಹೊಸದಾಗಿ ಹಾಕಿದಾಗ ಹದಿಮೂರು ನಿಮಿಷ ಸುಮ್ಮನೆ ಬಿಡಿ. ಜಿಪಿಎಸ್‌ನ ಸ್ವಂತ ಎಣಿಕೆ ಜಾಗತಿಕ ಸಮಯಕ್ಕಿಂತ ಈಗ 18 ಸೆಕೆಂಡು ಮುಂದಿದೆ, ಎಷ್ಟು ಕಳೆಯಬೇಕು ಎಂಬ ಮಾಹಿತಿ ಉಪಗ್ರಹದ ಸಂದೇಶದಲ್ಲಿ ಹನ್ನೆರಡೂವರೆ ನಿಮಿಷಕ್ಕೊಮ್ಮೆ ಬರುತ್ತದೆ. ಅಗ್ಗಕ್ಕೆ ಸಿಕ್ಕ ಹಳೆಯ ಗ್ರಾಹಕವೊಂದು ಗಂಟೆ ನಿಮಿಷ ಸರಿ ಹೇಳಿ ದಿನಾಂಕವನ್ನು ಮಾತ್ರ ಹತ್ತೊಂಬತ್ತು ವರ್ಷ ಏಳು ತಿಂಗಳು ಹಿಂದಿನದಾಗಿ ಹೇಳಿದರೆ ಅದನ್ನು ರಿಪೇರಿ ಮಾಡಲು ಹೊರಡಬೇಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. ಕಳೆದ ಸಲ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ, ಮತ್ತು ಆ ತಿರುವು ಅದರ ತಂತ್ರಾಂಶಕ್ಕೆ ಗೊತ್ತಿಲ್ಲ.